ಮಣ್ಣಿನ ಮನೆ ಕಟ್ಕೊಳ್ಳಿ, ಇಟ್ಟಿಗೆ ಮಾತ್ರ ತರಬೇಡಿ

ಬ್ರೆಜಿಲ್‌ನ ಒಂದು ಕಾದಂಬರಿಲಿ ಬರೋ ಎಸ್ಟೇಟ್ ಇದು, ಹೆಸರು ಆಗ್ವಾ ನೆಗ್ರಾ. ನೆಲೆ ಇಲ್ಲದೋರು ಬಂದು ಇರೋಕೆ ಜಾಗ ಕೇಳಿದ್ರೆ ಅಲ್ಲಿ ಕೊಡ್ತಾರೆ. ಮನೆ ಕಟ್ಕೊಳ್ಳಬಹುದು, ಹಿತ್ತಲಲ್ಲಿ ಕುಂಬಳ, ಬೀನ್ಸು, ಬೆಂಡೆ ಹಾಕ್ಕೊಳ್ಳಬಹುದು. ಅದಕ್ಕೆ ಬದಲಾಗಿ ಧಣಿ ಹೊಲದಲ್ಲಿ ದುಡೀಬೇಕು, ಕೂಲಿ ಅಂತ ಏನೂ ಇಲ್ಲ. ಇನ್ನೊಂದು ಷರತ್ತಿದೆ, ಮನೆ ಮಣ್ಣಿಂದೇ ಆಗಿರ್ಬೇಕು. ಇಟ್ಟಿಗೆ ಇಡೋ ಹಾಗಿಲ್ಲ, ಹೆಂಚು ಹೊದಿಸೋ ಹಾಗಿಲ್ಲ. ಮಳೆಗೆ ಗೋಡೆ ಕರಗಿದ್ರೆ ಮತ್ತೆ ಮಣ್ಣು ಕಲಸಿ ಮತ್ತೆ ಎಬ್ಬಿಸಬೇಕು. ಯಾಕಂದ್ರೆ ಇಟ್ಟಿಗೆ ಗೋಡೆ ನಿಂತ್ಬಿಡುತ್ತೆ, ನಿಂತಿರೋ ಗೋಡೆ ನೋಡಿದೋರು ಯಾರಾದ್ರೂ ಈ ಜನ ಇಲ್ಲಿ ಎಷ್ಟೋ ವರ್ಷದಿಂದ ಇದಾರೆ ಅಂದ್ಬಿಡಬಹುದು, ಅಷ್ಟು ವರ್ಷದಿಂದ ಇದ್ದೋರು ನಾಳೆ ಇದು ನಮ್ದೂ ಹೌದು ಅನ್ನಬಹುದು.

ಬ್ರೆಜಿಲ್‌ನ ಇತಾಮಾರ್ ವಿಯೇರಾ ಜೂನಿಯರ್ ಬರೆದ 'ತೊರ್ತೊ ಅರಾದೊ', ಅಂದ್ರೆ ಸೊಟ್ಟ ನೇಗಿಲು, ಅನ್ನೋ ಆ ಕಾದಂಬರಿಲಿ ಈ ವಿಷಯ ಬಂದು ಹೋಗೋದು ಬಹಳ ಸಣ್ಣ ಜಾಗದಲ್ಲಿ, ಯಾವ ಅಬ್ಬರನೂ ಇಲ್ದೆ. ಆದ್ರೆ ನನಗೆ ಇಡೀ ಪುಸ್ತಕ ನಿಂತಿರೋದೇ ಆ ಷರತ್ತಿನ ಮೇಲೆ ಅನ್ಸುತ್ತೆ. ಬಡತನದ ಕಥೆ ಅಂದ್ರೆ ಇಲ್ಲಗಳ ಕಥೆ ಅಂತ ಓದಿ ನಮಗೆ ಅಭ್ಯಾಸ ಆಗೋಗಿದೆ, ಅನ್ನ ಇಲ್ಲ, ಬಟ್ಟೆ ಇಲ್ಲ, ಡಾಕ್ಟ್ರಿಲ್ಲ. ಆಗ್ವಾ ನೆಗ್ರಾದಲ್ಲಿ ಒಳ್ಳೆ ವರ್ಷಗಳಲ್ಲಿ ತಟ್ಟೆಲಿ ಊಟ ಇರುತ್ತೆ. ಇಲ್ಲದೆ ಇರೋದು ಗುರುತು. ಮೂರು ತಲೆಮಾರು ಬೆವರು ಸುರಿಸಿದ ಜಾಗದಲ್ಲಿ ಇವರು ಇದ್ರು ಅನ್ನೋಕೆ ಒಂದು ಗೋಡೆನೂ ಉಳೀಬಾರದು ಅಂತ ಯಾರೋ ಕೂತು ಯೋಚನೆ ಮಾಡಿ ಏರ್ಪಾಡು ಮಾಡಿದಾರೆ. ಈ ಏರ್ಪಾಡನ್ನ ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಕಾದಂಬರಿ ನಾನಂತೂ ಓದಿಲ್ಲ.

ಲೇಖಕರ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಅದು ಪುಸ್ತಕಕ್ಕೆ ನೇರವಾಗಿ ಸಂಬಂಧಪಟ್ಟಿದ್ದು. 1979ರಲ್ಲಿ ಬಯಿಯಾ ರಾಜ್ಯದ ಸಾಲ್ವಡೋರಲ್ಲಿ ಹುಟ್ಟಿದೋರು, ಓದಿದ್ದು ಭೂಗೋಳ, ಆಮೇಲೆ ಶಪಾದಾ ಡಿಯಾಮಂಟಿನಾ ಅನ್ನೋ ಒಳನಾಡಿನ ಬೆಟ್ಟಸೀಮೆಯ ಕಿಲೊಂಬೊ ಸಮುದಾಯದ ಮೇಲೆ ಡಾಕ್ಟರೇಟು. ಕಿಲೊಂಬೊ ಅಂದ್ರೆ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದೋರು, ಬಿಡುಗಡೆ ಆದೋರು ಸೇರಿ ಕಟ್ಕೊಂಡ ಊರುಗಳು. ಕೆಲಸ ಮಾಡಿದ್ದು ಇನ್‌ಕ್ರಾದಲ್ಲಿ, ಅದು ಬ್ರೆಜಿಲ್ ಸರ್ಕಾರದ ಭೂಸುಧಾರಣೆ ಸಂಸ್ಥೆ. ಅಂದ್ರೆ ಇವರು ಕೂಲಿಕಾರರ ಮನೆ ಜಗಲಿ ಮೇಲೆ ಕೂತು ಅವರ ಮಾತು ಕೇಳಿಸ್ಕೊಂಡಿದ್ದು ಕಾದಂಬರಿ ಬರೆಯೋ ಆಸೆಗಷ್ಟೇ ಅಲ್ಲ, ಅದು ಅವರ ಡ್ಯೂಟಿನೇ ಆಗಿತ್ತು. ಈ ಕಥೆಯನ್ನ ಮೊದಲು ಶುರು ಮಾಡಿದ್ದು ಹದಿನಾರನೇ ವಯಸ್ಸಲ್ಲಂತೆ, ಬರೆದಿದ್ದ ಸುಮಾರು 80 ಪುಟ ಕಳೆದೇ ಹೋಯ್ತಂತೆ. ಮತ್ತೆ ಬರೆದ ಹಸ್ತಪ್ರತಿಗೆ 2018ರಲ್ಲಿ ಪೋರ್ಚುಗಲ್‌ನ ಲೇಯಾ ಪ್ರಶಸ್ತಿ ಬಂತು, 2019ರಲ್ಲಿ ಪುಸ್ತಕ ಆಯ್ತು, 2020ರಲ್ಲಿ ಬ್ರೆಜಿಲ್‌ನ ಜಬೂಚಿ ಮತ್ತೆ ಓಸಿಯಾನೋಸ್ ಎರಡೂ ಬಂದ್ವು. ಜಾನಿ ಲೊರೆನ್ಜ್ ಮಾಡಿದ ಇಂಗ್ಲಿಷ್ ಅನುವಾದ 'ಕ್ರೂಕೆಡ್ ಪ್ಲೌ' 2024ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಶಾರ್ಟ್‌ಲಿಸ್ಟ್‌ನಲ್ಲಿತ್ತು. ಮರುವರ್ಷ ಅದೇ ಪ್ರಶಸ್ತಿ ನಮ್ಮ ಬಾನು ಮುಷ್ತಾಕ್ ಅವರಿಗೆ ಬಂದಾಗ ಎಷ್ಟೋ ಜನ ಹಿಂದಿನ ವರ್ಷಗಳ ಲಿಸ್ಟ್ ಹುಡುಕಿ ಓದೋಕೆ ಶುರು ಮಾಡಿದ್ರು, ಅಂಥವರಿಗೆ ನಾನು ಮೊದಲು ಹೇಳೋದು ಇದನ್ನೇ.

ಇಲ್ಲಿಂದ ಮುಂದೆ ಕಥೆಯನ್ನ ಪೂರ್ತಿ ಬಿಚ್ಚಿಡ್ತೀನಿ, ಓದಬೇಕು ಅಂದ್ಕೊಂಡಿರೋರು ಓದಿ ಆಮೇಲೆ ಬನ್ನಿ.

ಅಕ್ಕ ಬಿಬಿಯಾನಾ, ತಂಗಿ ಬೆಲೊನೀಸಿಯಾ. ಅಕ್ಕನಿಗೆ ಏಳು ತುಂಬಿ ಸ್ವಲ್ಪ ದಿನ ಆಗಿದೆ ಅಷ್ಟೆ. ಅಜ್ಜಿ ದೊನಾನಾ ಹೊರಗೆ ಹೋದಾಗ ಮಂಚದ ಕೆಳಗಿದ್ದ ಅವಳ ಪೆಟ್ಟಿಗೆ ಎಳೆದು ನೋಡ್ತಾರೆ, ಕೊಳೆ ಬಟ್ಟೆಲಿ ಸುತ್ತಿಟ್ಟ ದಂತದ ಹಿಡಿಯ ಚಾಕು. ಹೊಳೆಯೋ ಲೋಹ ಮಕ್ಕಳಿಗೆ ಆಸೆ ಹುಟ್ಟಿಸುತ್ತೆ, ರುಚಿ ನೋಡೋಣ ಅಂತ ಬಾಯಿಗಿಟ್ಕೋತಾರೆ. ಇಬ್ಬರ ಬಾಯಲ್ಲೂ ರಕ್ತ. ಒಬ್ಬಳ ನಾಲಿಗೆ ಗಾಯ ಮಾಯುತ್ತೆ, ಇನ್ನೊಬ್ಬಳ ನಾಲಿಗೆ ತುಂಡಾಗಿ ಹೋಗುತ್ತೆ. ಎಸ್ಟೇಟಿನ ಗಾಡಿಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ, ಆ ಮಕ್ಕಳು ಆಗ್ವಾ ನೆಗ್ರಾದ ಗಡಿ ದಾಟಿದ್ದು ಅದೇ ಮೊದಲು. ಆಮೇಲಿಂದ ಮಾತಾಡೋಕೆ ಆಗದೋಳ ಪರವಾಗಿ ಇನ್ನೊಬ್ಬಳು ಮಾತಾಡೋದು ರೂಢಿ ಆಗುತ್ತೆ, ಅವಳ ಮುಖ ನೋಡಿನೇ ಇವಳಿಗೆ ಏನು ಹೇಳಬೇಕು ಅಂತ ಗೊತ್ತಾಗುತ್ತೆ.

ಮೊದಲನೇ ಭಾಗ ಹೇಳ್ತಿರೋದು ಬಿಬಿಯಾನಾ. ಆದ್ರೆ ಯಾರ ನಾಲಿಗೆ ಹೋಯ್ತು ಅನ್ನೋದನ್ನ ಅವಳು ಪುಟಗಟ್ಟಲೆ ಹೇಳೋದೇ ಇಲ್ಲ. ಕಥೆ ಹೇಳ್ತಿರೋಳೇ ಮೂಗಿ ಇರಬಹುದಾ, ಅಥವಾ ತಂಗಿನಾ, ನಾವು ಊಹೆ ಮಾಡ್ತಾ ಹೋಗಬೇಕು. ಇದನ್ನ ಬರೀ ಸಸ್ಪೆನ್ಸ್ ಟ್ರಿಕ್ ಅಂತ ತಳ್ಳಿಹಾಕಿದ ಓದುಗರೂ ಇರಬಹುದು, ನನಗೆ ಹಾಗೆ ಅನ್ಸಲ್ಲ. ಇಬ್ಬರೂ ಒಂದೇ ನಾಲಿಗೆಯನ್ನ ಹಂಚ್ಕೊಂಡು ಬೆಳೀತಿರೋವಾಗ ಗಾಯ ಯಾರದು ಅಂತ ಬೇರೆ ಮಾಡಿ ಹೇಳೋಕೆ ಬಿಬಿಯಾನಾಗೆ ಮನಸ್ಸಿಲ್ಲ. ಅವಳು ಮಾವನ ಮಗ ಸೆವೇರೊ ಜೊತೆ ಬಸುರಿ ಆಗಿ ಊರು ಬಿಟ್ಟು ಓಡಿ ಹೋಗೋ ಹೊತ್ತಿಗೆ ಮಾತ್ರ ನಮಗೆ ಗೊತ್ತಾಗುತ್ತೆ, ನಾಲಿಗೆ ಕಳ್ಕೊಂಡೋಳು ಬೆಲೊನೀಸಿಯಾ ಅಂತ. ಅಂದ್ರೆ ಅವಳ ದನಿ ಅವಳನ್ನ ಬಿಟ್ಟು ಹೋಗೋ ಗಳಿಗೆಲೇ ಅವಳು ಮೂಗಿ ಅಂತ ನಮಗೂ ತಿಳಿಯೋದು.

ಈ ಹುಡುಗೀರ ಅಪ್ಪ ಝೆಕಾ, ಎಲ್ಲರೂ ಕರೆಯೋದು ದೊಡ್ಡ ಟೋಪಿ ಝೆಕಾ ಅಂತ. ಇಡೀ ಪುಸ್ತಕದಲ್ಲಿ ನನ್ನನ್ನ ತುಂಬಾ ಕಾಡಿದ ಪಾತ್ರ ಇವನು. ಎಸ್ಟೇಟಲ್ಲಿ ಅವನಿಗಿಂತ ಗೌರವಸ್ಥ ಇಲ್ಲ. ಕಾಯಿಲೆ ಬಿದ್ದೋರು, ಬುದ್ಧಿ ಕೆಟ್ಟೋರು ಅವನ ಹತ್ರ ಬರ್ತಾರೆ, ಅವನ ಮನೆಲೇ ಉಳೀತಾರೆ, ವಾಸಿ ಆಗಿ ಹೋಗ್ತಾರೆ. ಪ್ರಿಫೆಕ್ಟ್ ಅಂದ್ರೆ ಅಲ್ಲಿನ ಮೇಯರ್, ಅವನ ಮಗನೂ ಇವನ ಕೈಯಿಂದ ಗುಣ ಆಗ್ತಾನೆ, ಅದಕ್ಕೆ ಪ್ರತಿಯಾಗಿ ಝೆಕಾ ತನಗೆ ಅಂತ ಏನೂ ಕೇಳಲ್ಲ, ಊರ ಮಕ್ಕಳಿಗೆ ಸ್ಕೂಲು ಕೇಳ್ತಾನೆ. ಇಂಥ ಮನುಷ್ಯ ಧಣಿಗಳ ವಿರುದ್ಧ ಒಂದು ಮಾತು ಆಡಲ್ಲ, ಬೇರೆಯವರು ಆಡಿದ್ರೂ ಸಹಿಸಲ್ಲ. ನೆಲೆ ಇಲ್ದೆ ಅಲೆದು ಬಂದಾಗ ಇರೋಕೆ ಜಾಗ ಕೊಟ್ರಲ್ಲ, ಆ ಋಣ. ಉಂಡ ಮನೆಗೆ ಎರಡು ಬಗೀಬಾರದು ಅಂತ ನಮ್ಮಲ್ಲಿ ಹೇಳ್ತಾರಲ್ಲ, ಆ ಮಾತನ್ನ ಯಾರೂ ಕಲಿಸದೆನೇ ಅವನು ಬದುಕ್ತಿದಾನೆ. ಭಯದಿಂದ ಬಾಯಿ ಮುಚ್ಕೊಂಡೋನು ಅಲ್ಲ ಅವನು, ಭಯ ಆಗಿದ್ರೆ ಎಂದಾದ್ರೂ ಮುರೀಬಹುದಿತ್ತು. ಅವನ ಒಳ್ಳೇತನನೇ ಅವನನ್ನ ಕಟ್ಟಿ ಹಾಕಿದೆ, ಅದನ್ನ ಬಿಡಿಸೋದು ಹೇಗೆ?

ಝೆಕಾನನ್ನ ಕೂಲಿಯ ಗುಲಾಮ, ದಡ್ಡ ಅಂತ ತೋರಿಸೋದು ಬಹಳ ಸುಲಭ ಇತ್ತು. ಲೇಖಕರು ಹಾಗೆ ಮಾಡಿಲ್ಲ, ಅವನ ಘನತೆಗೆ ಒಂದು ಚೂರೂ ಕುಂದು ಬರದ ಹಾಗೆ ನೋಡ್ಕೊಂಡಿದಾರೆ, ಅದೇ ಹೊತ್ತಿಗೆ ಪಕ್ಕದಲ್ಲೇ ಮ್ಯಾನೇಜರ್ ಸುತೇರಿಯೊ ಏನು ಮಾಡ್ತಾನೆ ಅನ್ನೋದನ್ನೂ ಇಟ್ಟಿದಾರೆ. ಬರಗಾಲ ಕಾಡ್ತಿರೋ ಕಾಲದಲ್ಲೂ ಅವನು ಇವರ ಅಡುಗೆಮನೆಗೆ ನೇರ ನುಗ್ಗಿ ಗೆಣಸು ಎತ್ಕೊಂಡು ಹೋಗ್ತಾನೆ, ಜೊತೆಗೆ ತಾಳೆ ಎಣ್ಣೆ ಬಾಟ್ಲಿ. ಆ ಗೆಣಸು ಎಸ್ಟೇಟಲ್ಲಿ ಬೆಳೆದಿದ್ದೂ ಅಲ್ಲ, ಸಂತೆಲಿ ದುಡ್ಡು ಕೊಟ್ಟು ತಂದಿದ್ದು. ಝೆಕಾ ಏನೂ ಮಾಡಲ್ಲ. ಮಕ್ಕಳು ನೋಡ್ತಾ ನಿಂತಿರ್ತಾರೆ. ಹೊಡೆತ ಬಡಿತ ಇರೋ ಎಷ್ಟೋ ದೃಶ್ಯಗಳಿಗಿಂತ ಇದು ನನಗೆ ಓದೋಕೆ ಕಷ್ಟ ಆಯ್ತು, ಆ ಮಕ್ಕಳು ಅಪ್ಪನ ಮುಖ ನೋಡಬೇಕಾಗಿ ಬಂತಲ್ಲ ಅಂತ. ಮುಂದೆ ಮಗ ಝೆಝೆ ಅಪ್ಪನನ್ನ ಕೇಳ್ತಾನೆ, ನಾವು ಇಷ್ಟು ವರ್ಷ ಇಲ್ಲೇ ಇದ್ದು ಇಲ್ಲೇ ದುಡಿದ್ರೂ ಈ ಭೂಮಿ ಯಾಕೆ ನಮ್ಮದಲ್ಲ ಅಂತ. ಅಪ್ಪನ ಹತ್ರ ಇರೋ ಉತ್ತರ ಒಂದೇ, ಭೂಮಿಗೆ ಒಡೆಯರಿದಾರೆ, ನಮಗೆ ಇರೋಕೆ ಬಿಟ್ಟಿದಾರೆ.

ಝೆಕಾ ಹುಟ್ಟಿದ್ದು ಗುಲಾಮಗಿರಿ ರದ್ದಾಗಿ ಹತ್ತಿರ ಹತ್ತಿರ ಮೂವತ್ತು ವರ್ಷ ಆದ್ಮೇಲೆ ಅಂತ ಪುಸ್ತಕ ಹೇಳುತ್ತೆ. ಇದರ ಹಿಂದಿನ ಲೆಕ್ಕ ಗೊತ್ತಿದ್ರೆ ಪುಸ್ತಕ ಇನ್ನೂ ಬೇರೆ ಥರ ಕಾಣುತ್ತೆ. ಆಫ್ರಿಕಾದಿಂದ ಬ್ರೆಜಿಲ್‌ಗೆ ಹಡಗಲ್ಲಿ ತಂದಿಳಿಸಿದ ಜನ ಸುಮಾರು 48 ಲಕ್ಷ, ಅಮೆರಿಕ ಖಂಡಗಳಲ್ಲಿ ಬೇರೆ ಯಾವ ದೇಶಕ್ಕೂ ಅಷ್ಟು ಜನರನ್ನ ತಂದಿಲ್ಲ. 1850ರಲ್ಲಿ ಎರಡು ಕಾನೂನು ಬರ್ತವೆ. ಒಂದು, ಇನ್ಮೇಲೆ ಗುಲಾಮರನ್ನ ತರೋಹಾಗಿಲ್ಲ ಅಂತ. ಇನ್ನೊಂದು, ಸರ್ಕಾರಿ ಭೂಮಿ ಬೇಕು ಅಂದ್ರೆ ದುಡ್ಡು ಕೊಟ್ಟು ಕೊಳ್ಳಬೇಕು, ಉಳುಮೆ ಮಾಡ್ಕೊಂಡು ಕೂತ ಮಾತ್ರಕ್ಕೆ ಹಕ್ಕು ಬರಲ್ಲ ಅಂತ. ಮುಂದೆ 1888ರ ಮೇ 13ಕ್ಕೆ ಗುಲಾಮಗಿರಿ ರದ್ದಾಗುತ್ತೆ, ಬಿಡುಗಡೆ ಆದೋರ ಕೈಲಿ ಕಾಸಿಲ್ಲ, ಭೂಮಿ ಬಾಗಿಲು 38 ವರ್ಷ ಮೊದಲೇ ಹಾಕಿ ಆಗಿದೆ. ಅವರಿಗೆ ಉಳಿದಿದ್ದು ಇನ್ನೊಬ್ಬರ ಜಮೀನಲ್ಲಿ ಇರೋಕೆ ಬಿಡಿ ಅಂತ ಕೇಳೋದು. ಅದೂ ಸಾಲದು ಅಂತ 1890ರಲ್ಲಿ ಆಗಿನ ಹಣಕಾಸು ಮಂತ್ರಿ ರೂಯಿ ಬಾರ್ಬೋಸಾ ಗುಲಾಮರಿಗೆ ಸಂಬಂಧಪಟ್ಟ ಸರ್ಕಾರಿ ಕಾಗದಪತ್ರ ಸುಡೋಕೆ ಆರ್ಡರ್ ಮಾಡಿದ್ರು. ಹಳೇ ಒಡೆಯರು ನಮ್ಮ ನಷ್ಟಕ್ಕೆ ಪರಿಹಾರ ಕೊಡಿ ಅಂತ ಕೋರ್ಟಿಗೆ ಹೋಗದ ಹಾಗೆ ಮಾಡಿದ್ದು ಅಂತ ವಿವರಣೆ ಇದೆ, ಇರಬಹುದು. ಆದ್ರೆ ಬೆಂಕಿಲಿ ಹೋಗಿದ್ದು ಆ ಜನರ ಹೆಸರುಗಳೂ ಹೌದಲ್ಲ. ಕಾಗದ ಸುಟ್ಟ ದೇಶದಲ್ಲಿ ಇಟ್ಟಿಗೆ ಮನೆನೂ ಕಟ್ಟಬೇಡಿ ಅಂದ್ರೆ ಏನು ಅರ್ಥ ಅಂತ ಇಲ್ಲಿಂದ ನೋಡಿದ್ರೆ ತಿಳಿಯುತ್ತೆ.

ಎರಡನೇ ಭಾಗ ಹೇಳೋದು ಬೆಲೊನೀಸಿಯಾ, ನಾಲಿಗೆ ಇಲ್ಲದೋಳು, ಮತ್ತೆ ಪುಸ್ತಕದಲ್ಲಿ ಅತ್ಯಂತ ಚೆನ್ನಾಗಿರೋ ಭಾಗ ಇದೇ. ಅಕ್ಕ ಸ್ಕೂಲು, ಪುಸ್ತಕ ಅಂತ ಹೋದೋಳು, ಮುಂದೆ ಟೀಚರ್ ಆಗಿ ವಾಪಸ್ ಬರ್ತಾಳೆ. ಇವಳಿಗೆ ಸ್ಕೂಲು ಹಿಡಿಸಲ್ಲ. ಟೀಚರಮ್ಮ ದೇಶದ ಚರಿತ್ರೆ ಅಂತ ಹೇಳೋ ವೀರರ ಕಥೆಲಿ ತನ್ನಂಥೋರು ಎಲ್ಲೂ ಇಲ್ಲ, ಅದರ ಬದಲು ಅಪ್ಪನ ಹಿಂದೆ ಹೊಲಕ್ಕೆ ಹೋದ್ರೆ ಮಣ್ಣಿನ ವಾಸನೆಲೇ ಮಳೆ ಯಾವಾಗ ಅಂತ ತಿಳಿಯುತ್ತೆ. ಯಾರೂ ಇಲ್ಲದಾಗ ಅವಳು ಒಂದು ಶಬ್ದ ಆಡೋಕೆ ಪ್ರಯತ್ನ ಮಾಡ್ತಾಳೆ, ಅಪ್ಪನ ಬಾಯಲ್ಲಿ ಕೇಳಿ ಇಷ್ಟ ಆದ ಶಬ್ದ, ನೇಗಿಲು. ಬಾಯಿಂದ ಬರೋದು ಸೊಟ್ಟ ಆದ ಒಂದು ಸದ್ದು, ನೆಲವನ್ನ ಸೀಳಿ ಬರಡು ಮಾಡೋ ಸೊಟ್ಟ ನೇಗಿಲಿನ ಹಾಗೆ ಅಂತ ಅವಳಿಗೇ ಅನ್ಸುತ್ತೆ. ಪುಸ್ತಕದ ಹೆಸರು ಅಲ್ಲಿಂದಲೇ ಅರ್ಥ ಆಗೋದು. ಆಮೇಲೆ ತೊಬಿಯಾಸ್ ಅನ್ನೋ ದನಗಾಹಿ ಜೊತೆ ಸಂಸಾರ. ಕೊಳೆತು ನಾರ್ತಿರೋ ಅವನ ಮನೆಯನ್ನ ಇವಳು ಬಳಿದು ಗುಡಿಸಿ ಮನೆ ಮಾಡ್ತಾಳೆ, ಅವನು ಕುಡಿದು ಬಂದು ಅದು ಸರಿ ಇಲ್ಲ ಇದು ಸರಿ ಇಲ್ಲ ಅಂತ ಬೈತಾನೆ, ಬೈಯೋಕೆ ಇವಳು ಬಹಳ ಅನುಕೂಲ, ತಿರುಗಿ ಮಾತಾಡೋಕೆ ಆಗಲ್ಲವಲ್ಲ. ಅವನು ಕುದುರೆಯಿಂದ ಬಿದ್ದು ಸತ್ತಾಗ ಅವಳಿಗೆ ಅಳು ಬರಲ್ಲ. ಒಂಟಿಯಾಗಿ, ತನ್ನ ಜಮೀನು ತಾನೇ ಮಾಡ್ಕೊಂಡು, ಬದುಕ್ತಾಳೆ. ಪಕ್ಕದ ಮನೆ ಮರಿಯಾ ಕಬೋಕ್ಲಾಗೆ ಗಂಡ ಹೊಡೀತಿದ್ರೆ ಹೋಗಿ ಅಡ್ಡ ನಿಲ್ತಾಳೆ, ಕೈಲಿ ಚಾಕು ಹಿಡಿದು.

ಬ್ರೆಜಿಲ್‌ನ ಈಶಾನ್ಯ ಸೀಮೆಯ ಬರದ ಕಾದಂಬರಿಗಳಿಗೆ ದೊಡ್ಡ ಪರಂಪರೆ ಇದೆ. ಗ್ರಾಸಿಲಿಯಾನೊ ರಾಮೋಸ್ 1938ರಲ್ಲಿ ಬರೆದ 'ವಿದಾಸ್ ಸೆಕಾಸ್' ಅದರಲ್ಲಿ ಶಿಖರ. ಅಲ್ಲಿನ ದನಗಾಹಿ ಫಾಬಿಯಾನೊಗೂ ಮಾತು ಬರಲ್ಲ, ನಾಲಿಗೆ ಇದೆ ಆದ್ರೆ ಅಧಿಕಾರದ ಎದುರು ಶಬ್ದ ಹೊರಡಲ್ಲ, ಹಾಗಾಗಿ ಅವನ ಕಥೆಯನ್ನ ಲೇಖಕ ಹೊರಗಿಂದ ನಿಂತು ಹೇಳ್ತಾರೆ. ಆ ಪುಸ್ತಕ ನನಗೆ ಬಹಳ ದೊಡ್ಡದು. ಆದ್ರೆ ಎಂಬತ್ತು ವರ್ಷ ಕಳೆದು ಅದೇ ಸೀಮೆಯಿಂದ ಬಂದ ಇನ್ನೊಬ್ಬ ಲೇಖಕ, ಮಾತು ಬಾರದ ಕೂಲಿ ಹೆಣ್ಣಿಗೆ ನಾನು ಅಂತ ಶುರು ಮಾಡಿ ನೂರಾರು ವಾಕ್ಯ ಹೇಳೋ ಹಕ್ಕು ಕೊಟ್ಟಿದಾರೆ. ಸ್ಕೂಲು ಬಿಟ್ಟ ಹುಡುಗಿ ಇಷ್ಟು ತಿದ್ದಿ ತೀಡಿದ ಭಾಷೇಲಿ ಹೇಳ್ತಾಳಾ, ಅಕ್ಕ ತಂಗಿ ಇಬ್ಬರ ದನಿನೂ ಒಂದೇ ಥರ ಕೇಳ್ಸುತ್ತಲ್ಲ ಅನ್ನೋ ಆಕ್ಷೇಪಣೆ ಬರುತ್ತೆ, ಎರಡನೇದು ನಿಜ ಅಂತ ನನಗೂ ಅನ್ಸುತ್ತೆ, ಇಬ್ಬರ ನಡುವೆ ವ್ಯತ್ಯಾಸ ಇನ್ನೂ ಬೇಕಿತ್ತು. ಮೊದಲನೇದನ್ನ ಮಾತ್ರ ಒಪ್ಪಲ್ಲ. ಬಡವರ ಒಳಗೆ ಓಡೋ ಯೋಚನೆನೂ ಮುರುಕು ಮುರುಕಾಗೇ ಇರುತ್ತೆ ಅಂತ ಯಾರು ಹೇಳಿದ್ದು?

ದೈವಗಳ ವಿಷಯ ಹೇಳದೆ ಇದ್ರೆ ಈ ಪುಸ್ತಕದ ಬಗ್ಗೆ ಅರ್ಧ ಹೇಳಿದ ಹಾಗೆ. ಝೆಕಾ, 'ಝರೇ' ಅನ್ನೋ ಆರಾಧನೆಯ ಮುಖ್ಯಸ್ಥ. ಇದು ಶಪಾದಾ ಡಿಯಾಮಂಟಿನಾದಲ್ಲಿ ಮಾತ್ರ ಇರೋ ಪದ್ಧತಿ, ಹತ್ತೊಂಬತ್ತನೇ ಶತಮಾನದಲ್ಲಿ ವಜ್ರದ ಗಣಿ ಕೆಲಸಕ್ಕೆ ಬಂದ ಆಫ್ರಿಕನ್ ಮೂಲದ ಜನ, ಅಲ್ಲಿನ ಮೂಲನಿವಾಸಿಗಳ ನಂಬಿಕೆ, ಕ್ಯಾಥೊಲಿಕ್ ಸಂತರು ಎಲ್ಲ ಕೂಡಿ ಆಗಿದ್ದು. ರಾತ್ರಿ ಡೋಲು ಬಡೀತಾರೆ, ದೈವ ಮೈಮೇಲೆ ಬರುತ್ತೆ, ಮೈಮೇಲೆ ಬಂದೋರನ್ನ ಆ ದೈವದ ಕುದುರೆ ಅಂತಾರೆ. ಸಂತ ಬಾರ್ಬರಾ ಹಬ್ಬದ ರಾತ್ರಿ ಝೆಕಾ ಹೆಣ್ಣಿನ ಉಡುಪು ತೊಡಬೇಕು, ಅವನಿಗೆ ಒಳಗೊಳಗೇ ಸಂಕೋಚ, ಆದ್ರೂ ತೊಡ್ತಾನೆ. ನಮ್ಮ ಓದುಗರಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಭೂತದ ಕೋಲ ನೋಡಿದೋರಿಗೆ, ಜಾತ್ರೆಲಿ ಮೈದುಂಬೋದನ್ನ ನೋಡಿದೋರಿಗೆ ತಟ್ಟನೆ ತಿಳಿಯುತ್ತೆ. ಇಂಗ್ಲಿಷ್ ವಿಮರ್ಶೆಗಳಲ್ಲಿ ಇದಕ್ಕೆಲ್ಲ ಮ್ಯಾಜಿಕಲ್ ರಿಯಲಿಸಂ ಅಂತ ಒಂದು ಲೇಬಲ್ ಹಚ್ಚೋದನ್ನ ನೋಡಿದಾಗ ನನಗೆ ಬೇಜಾರಾಗುತ್ತೆ. ಆ ಜನಕ್ಕೆ ಅದು ದಿನದ ಬದುಕು, ಡಾಕ್ಟ್ರು ಇಲ್ಲದ ಜಾಗದಲ್ಲಿ ಅದೇ ಆಸ್ಪತ್ರೆ, ನ್ಯಾಯ ಸಿಗದ ಜಾಗದಲ್ಲಿ ಅದೇ ಕಟ್ಟೆ.

ಓಡಿಹೋಗಿದ್ದ ಬಿಬಿಯಾನಾ, ಸೆವೇರೊ ವಾಪಸ್ ಬರ್ತಾರೆ. ಸೆವೇರೊ ಮಾತು ಬಲ್ಲೋನು, ಕೂಲಿಕಾರರ ಸಂಘ ಕಟ್ಟೋಕೆ ಮನೆ ಮನೆಗೆ ಹೋಗಿ ಸಹಿ ಹಾಕಿಸ್ತಾನೆ, ನಾವು ಕಿಲೊಂಬೊ ಜನ ಅನ್ನೋ ಹೆಸರು ಅವರ ಬಾಯಿಗೆ ತರ್ತಾನೆ. ಒಂದು ದಿನ ಮನೆ ಮುಂದೆ ಗುಂಡು ಹೊಡೆದು ಸಾಯಿಸ್ತಾರೆ. ಪೊಲೀಸ್ ತನಿಖೆ ಗಾಂಜಾ ವ್ಯಾಪಾರದ ಜಗಳ ಅಂತ ಫೈಲ್ ಮುಚ್ಚುತ್ತೆ. ಹೊಸ ಧಣಿ ಸಾಲೊಮಾವ್ ಬಂದ ಮೇಲೆ ಇನ್ನೊಂದು ಆಗಿತ್ತು, ಇವರ ಸ್ಮಶಾನದಲ್ಲಿ ಇನ್ನು ಹೆಣ ಹೂಳಬೇಡಿ ಅಂದಿದ್ದ, ಪರಿಸರ ಅಂತ ಕಾರಣ ಕೊಟ್ಟು. ಮನೆ ನಿಲ್ಲಬಾರದು, ಗೋರಿನೂ ಇರಬಾರದು. ಬದುಕಿದ್ದಕ್ಕೂ ಸಾಕ್ಷಿ ಬೇಡ, ಸತ್ತಿದ್ದಕ್ಕೂ ಬೇಡ.

ಇದನ್ನ ಓದುವಾಗ ನನ್ನ ತಲೇಲಿ ಪೂರ್ತಿ ಹೊತ್ತೂ ಇದ್ದಿದ್ದು ಉತ್ತರ ಕನ್ನಡದ ಸಿದ್ದಿಗಳು. ಹೋಲಿಕೆ ಮಾಡಬೇಕು ಅಂತ ಎಳೆದು ತರ್ತಿಲ್ಲ, ಎರಡೂ ಒಂದೇ ಸಾಮ್ರಾಜ್ಯದ ಕೆಲಸ. ಬಯಿಯಾಗೆ ಜನರನ್ನ ತಂದಿಳಿಸಿದ ಪೋರ್ಚುಗೀಸರೇ ಮೊಜಾಂಬಿಕ್ ಕಡೆಯಿಂದ ಗೋವಾಕ್ಕೂ ತಂದ್ರು. ಅಲ್ಲಿಂದ ಬಿಡುಗಡೆ ಆದೋರು, ತಪ್ಪಿಸ್ಕೊಂಡೋರು ಘಟ್ಟದ ಕಾಡು ಸೇರಿದ್ರು, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ. ಬ್ರೆಜಿಲ್‌ನಲ್ಲಿ ಹಾಗೆ ಕಾಡು ಸೇರಿ ಕಟ್ಟಿದ ಊರಿಗೆ ಕಿಲೊಂಬೊ ಅಂದ್ರು, ಇಲ್ಲಿ ಅದಕ್ಕೆ ಒಂದು ಹೆಸರೂ ಹುಟ್ಟಲಿಲ್ಲ. ನಮ್ಮ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದೇ 2003ರಲ್ಲಿ ಬ್ರೆಜಿಲ್ ಸರ್ಕಾರ ಕಿಲೊಂಬೊ ಜನರ ಭೂಮಿ ಗುರುತಿಸಿ ಪತ್ರ ಕೊಡೋ ಜವಾಬ್ದಾರಿಯನ್ನ ಇನ್‌ಕ್ರಾಗೆ ಕೊಡ್ತು, 1988ರ ಸಂವಿಧಾನದಲ್ಲೇ ಆ ಹಕ್ಕು ಬರೆದಿದ್ರೂ. ಅವರನ್ನ ಜನಗಣತಿಲಿ ಬೇರೆಯಾಗಿ ಎಣಿಸಿದ್ದು 2022ರಲ್ಲಿ ಮೊದಲ ಸಲ, 13 ಲಕ್ಷಕ್ಕೂ ಹೆಚ್ಚು ಜನ ಅಂತ ಗೊತ್ತಾಯ್ತು. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಲೂ ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡಿನ ವಾಸಿಗಳು ಮೂರು ತಲೆಮಾರು, ಅಂದ್ರೆ 75 ವರ್ಷ ಇದ್ದಿದ್ದಕ್ಕೆ ಆಧಾರ ತೋರಿಸಬೇಕು. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಕಾಗದ ಇಲ್ಲ, ಅವರು ಏನು ತೋರಿಸ್ತಾರೆ? ಆಗ್ವಾ ನೆಗ್ರಾದ ಧಣಿಗಳಿಗೆ ಈ ಪ್ರಶ್ನೆ ಮುಂದೊಂದು ದಿನ ಬರುತ್ತೆ ಅಂತ ಮೊದಲೇ ಗೊತ್ತಿತ್ತು, ಅದಕ್ಕೇ ಇಟ್ಟಿಗೆ ಬೇಡ ಅಂದಿದ್ದು.

ಮೂರನೇ ಭಾಗ ಹೇಳೋದು ಮನುಷ್ಯರಲ್ಲ, ಮೀನುಗಾರ್ತಿ ಸಂತ ರೀತಾ ಅನ್ನೋ ದೈವ. ಅವಳ ಕುದುರೆಯಾಗಿದ್ದ ಮುದುಕಿ ಸತ್ತಿದಾಳೆ, ಈಗ ಅವಳಿಗೆ ಕೂರೋಕೆ ಮೈ ಇಲ್ಲ, ನಂಬೋರೂ ಕಡಿಮೆ ಆಗ್ತಿದಾರೆ. ಗುಲಾಮರ ಕಾಲ, ವಜ್ರದ ಗಣಿ ಕಾಲ ಎಲ್ಲ ಕಂಡೋಳು, ಹಾಗಾಗಿ ಇಬ್ಬರು ಅಕ್ಕತಂಗೀರ ಬದುಕಿಗಿಂತ ಹಿಂದಿನ ನೆನಪು ಅವಳ ಹತ್ರ ಇದೆ. ಯೋಚನೆ ಬಹಳ ದೊಡ್ಡದು. ಆದ್ರೆ ಬರವಣಿಗೆ ಇಲ್ಲಿ ಅವಸರ ಮಾಡುತ್ತೆ ಅಂತ ನನ್ನ ಅಭಿಪ್ರಾಯ, ಎರಡನೇ ಭಾಗದಲ್ಲಿ ಒಂದು ಗುಡಿಸಲು ಬಳಿಯೋದಕ್ಕೆ ಕೊಟ್ಟ ತಾಳ್ಮೆ ಇಲ್ಲಿ ಚಳವಳಿಗೆ ಸಿಕ್ಕಿಲ್ಲ, ಕೆಲವು ಕಡೆ ಇನ್‌ಕ್ರಾ ಅಧಿಕಾರಿಯ ವರದಿ ಕೇಳಿಸುತ್ತೆ. ಆಮೇಲೆ ಕೊಲೆ. ದೈವ ಬಿಬಿಯಾನಾ ಮೈ ಹೊಕ್ಕು ರಾತ್ರಿಯೆಲ್ಲ ಗುಂಡಿ ತೋಡಿಸುತ್ತೆ, ಬೆಲೊನೀಸಿಯಾ ಮೈ ಹೊಕ್ಕು ಸಾಲೊಮಾವ್‌ನ ಮುಗಿಸುತ್ತೆ. ಕೆಲವರಿಗೆ ಇದು ಸಮಾಧಾನ ಕೊಡಬಹುದು, ನನಗೆ ಪೂರ್ತಿ ಕೊಡಲಿಲ್ಲ. ಒಬ್ಬ ಧಣಿ ಹೋದ್ರೆ ಭೂಮಿ ಪತ್ರ ಈ ಜನರ ಹೆಸರಿಗೆ ಬರಲ್ಲ, ಎಸ್ಟೇಟಿನ ಹಳೇ ಒಡೆಯರಾದ ಪೆಯ್ಶೋತೊ ಮನೆತನ ಮಾರಿ ಹೋದಾಗಲೂ ಬಂದಿರಲಿಲ್ಲ, ಇದನ್ನ ಈ ಪುಸ್ತಕವೇ ಇನ್ನೂರು ಪುಟ ನಮಗೆ ಕಲಿಸಿದೆ. ಆದ್ರೆ ಆ ಕೊಲೆಯನ್ನ ಅಕ್ಕತಂಗೀರಿಬ್ಬರಿಗೂ ಹಂಚಿರೋದು, ಒಬ್ಬಳ ಕೈ ತೋಡಿ ಇನ್ನೊಬ್ಬಳ ಕೈ ಮುಗಿಸೋದು, ಇಬ್ಬರಲ್ಲಿ ಯಾರಿಗೂ ಪೂರ್ತಿ ಗೊತ್ತಾಗದೆ ಇರೋದು, ಅದು ಮಾತ್ರ ಅದ್ಭುತ. ಮೊದಲನೇ ಪುಟದಲ್ಲೂ ಒಂದೇ ಚಾಕು ಇಬ್ಬರ ಬಾಯಲ್ಲಿತ್ತು.

ಈ ಪುಸ್ತಕ ಕನ್ನಡಕ್ಕೆ ಬರಬೇಕು ಅಂತ ನನಗೆ ಬಹಳ ಆಸೆ. ಬರೋದಾದ್ರೆ ಪೇಟೆ ಕನ್ನಡದಲ್ಲಿ ಬೇಡ. ಬಿತ್ತನೆ, ಕಳೆ, ಗೊಬ್ಬರ, ತೋಡು, ಹದ, ಈ ಮಾತುಗಳನ್ನ ಕೈಯಲ್ಲಿ ಮಾಡಿ ಗೊತ್ತಿರೋರು, ಮೈದುಂಬೋದನ್ನ ನಾಚ್ಕೊಳ್ಳದೆ ಬರೆಯೋರು ಯಾರಾದ್ರೂ ಮಾಡಲಿ. ಬೆಲೊನೀಸಿಯಾ ಭಾಗವನ್ನ ಹೆಣ್ಣುಮಗಳೊಬ್ಬಳು ಮಾಡಿದ್ರೆ ಇನ್ನೂ ಚೆನ್ನ. ಝೆಕಾ ಮಗನಿಗೆ ಕೊಡೋ ಉತ್ತರದ ಹತ್ರ ಅನುವಾದಕರು ಬಂದಾಗ, ಅವನನ್ನ ಕನಿಕರದಿಂದ ನೋಡದೆ, ಅವನು ತಲೆ ಎತ್ತಿ ಹೇಳಿದ ಹಾಗೇ ಬರೀಲಿ. ಅವನು ಹೇಳಿದ್ದು ಹಾಗೇನೇ.